ಕಾಫಿಗೆ ದೋಷವಿಲ್ಲ

ಚಾಮರಾಜಪೇಟೆ, ಬೆಂಗಳೂರು
12 ಜನವರಿ 1998

ಪ್ರೀತಿಯ ಪ್ರೇಮಲತಾ,

ನೀನು ಗುಂತಕಲ್ಲಿಗೆ ಹೋಗಿ ಇಳಿದು ತಿಂಗಳಾಯಿತು, ಒಂದು ಕಾರ್ಡೂ ಹಾಕಿಲ್ಲ. ಕೋಪ ಬಂದಿದೆ ಅಂತ ಗೊತ್ತು. ರೈಲ್ವೆ ಕೆಲಸಕ್ಕೆ ರಜಾ ಹಾಕಿ, ನನ್ನ ಜೊತೆ ಓಡಬೇಕೆಂದು ಬಂದವಳು ನೀನು. ನಿನ್ನನ್ನು ಓಟ ಮುಗಿಯುವ ಗೆರೆಯ ಹತ್ತಿರ ಬಿಸಿಲಲ್ಲಿ ನಿಲ್ಲಿಸಿ, ನಾನು ಲಾಲ್‌ಬಾಗಿನ ಪಶ್ಚಿಮದ ಗೇಟಿನ ಎದುರು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಆಟೋ ಹತ್ತಿ ಮನೆಗೆ ಬಂದೆ. ಕಾಲೇಜಿನಲ್ಲಿ ನಿನಗಿಂತ ಮುಂದೆ ಓಡುತ್ತಿದ್ದ ಈ ಮಧುರಾ, ಹತ್ತು ಕಿಲೋಮೀಟರಿನ ಓಟದಲ್ಲಿ ಆರಕ್ಕೇ ಖಾಲಿ.

ಅವತ್ತು ಹೊಟ್ಟೆನೋವಿತ್ತು ಕಣೆ. ಹಿಂದಿನ ದಿನ ಮದುವೆ ಮನೆಯಲ್ಲಿ ಹೋಳಿಗೆ ಎರಡು ಜಾಸ್ತಿಯಾಗಿತ್ತು. ಬೇರೆ ಏನಿಲ್ಲ. ಮುಂದಿನ ಡಿಸೆಂಬರಿನ ಓಟಕ್ಕೂ ಬಾ, ಆಗ ನೋಡುವೆಯಂತೆ.

ಬೈದಾದರೂ ಬರಿ.

ನಿನ್ನ ಮಧು


ಗುಂತಕಲ್
25 ಜನವರಿ 1998

ಮಧು,

ಬೈ ಅಂದಿದ್ದೀಯ, ಬೈಯುತ್ತೇನೆ. ನಾನು ಓಡಿ ಮುಗಿಸಿ ಗೆರೆಯ ಹತ್ತಿರ ನಿಂತು, ಹಿಂದೆ ಓಡಿ ಬಂದ ಒಬ್ಬೊಬ್ಬಳ ಮುಖವನ್ನೂ ನೋಡಿದೆ. ಕೊನೆಗೆ ಓಟದ ದಾರಿಗೆ ಕಟ್ಟಿದ ಹಗ್ಗ ಬಿಚ್ಚುವವರು ಬಂದು, "ಯಾರಿಗಮ್ಮ ಕಾಯ್ತಿದೀರಾ, ಎಲ್ಲಾ ಆಯ್ತಲ್ಲ" ಅಂದರು. ಎಲ್ಲೋ ಬಿದ್ದಿದ್ದೀಯ ಎಂದು ಹೆದರಿ ನಿಮ್ಮ ಮನೆಗೆ ಬಂದರೆ, ನಿಮ್ಮಮ್ಮ ಬಾಗಿಲಲ್ಲೇ "ಮಲಗಿದಾಳೆ ಕಣಮ್ಮ, ಎಬ್ಬಿಸ್ಬೇಡ" ಎಂದು ಕಾಫಿ ಕೊಟ್ಟು ಕಳಿಸಿದರು.

ಹೋಳಿಗೆಯ ಕಥೆಯನ್ನು ನೀನು ಕೆಲಸ ಮಾಡುವ ಬ್ಯಾಂಕಿನ ಮ್ಯಾನೇಜರಿಗೆ ಹೇಳು. ನಾನು ಕಲಾಸಿಪಾಳ್ಯದ ತರಕಾರಿ ಮಂಡಿಯ ಲಕ್ಕಮ್ಮನ ಮಗಳು, ಹುಳುಕು ಬದನೆಕಾಯನ್ನು ಮುಟ್ಟದೆಯೇ ಗುರುತಿಸುತ್ತೇನೆ. ಹೊಟ್ಟೆ ಕೆಟ್ಟವಳ ಮುಖ ಯಾಕೆ ಊದಿಕೊಂಡಿತ್ತು? ಎಲ್ಲರೂ ತೋಳಿಲ್ಲದ ಬನಿಯನ್ನು ಹಾಕಿಕೊಂಡು ನಿಂತಿದ್ದರೆ ನೀನೊಬ್ಬಳು ಯಾಕೆ ಸ್ವೆಟರಿನಲ್ಲಿದ್ದೆ?

ಮನೆಯಲ್ಲಿ ನಿನಗೆ ಗಂಡು ನೋಡುತ್ತಿದ್ದಾರೆ, ಓಟ ಬಿಡಿಸುತ್ತಿದ್ದಾರೆ. ಅದನ್ನು ನೇರವಾಗಿ ಹೇಳಬಹುದಲ್ಲ? ಹಾಗಿದ್ದರೆ ಹಾಗೇ ಬರೆ. ನನಗೆ ರಜಾ ಉಳಿಯುತ್ತದೆ.

ಪ್ರೇಮಲತಾ


ಚಾಮರಾಜಪೇಟೆ
8 ಮಾರ್ಚ್ 1998

ಪ್ರೇಮಾ,

ಹೋಳಿಗೆಯದು ಪಾಪ ಏನೂ ತಪ್ಪಿಲ್ಲ. ನನಗೆ ಥೈರಾಯ್ಡ್. ಕತ್ತಿನಲ್ಲಿ ಒಂದು ಗ್ರಂಥಿ ಇದೆಯಂತೆ, ಮೈಗೆ ಬೇಕಾದ ಹಾರ್ಮೋನನ್ನು ಅದು ಸಾಕಷ್ಟು ಕೊಡುತ್ತಿಲ್ಲವಂತೆ. ಅದಕ್ಕೇ ಊತ, ಅದಕ್ಕೇ ಚಳಿ. ಬಾಚಿದರೆ ಬಾಚಣಿಗೆ ತುಂಬ ಕೂದಲು. ಓಡಲು ಹೊರಟರೆ ಮೊದಲು ಸ್ವಲ್ಪ ದೂರ ನಾನೇ ಓಡುತ್ತೇನೆ, ಆಮೇಲೆ ಯಾರೋ ನೆನೆದ ಗೋಣಿಚೀಲ ಬೆನ್ನಿಗೆ ಕಟ್ಟಿದ ಹಾಗೆ ಆಗುತ್ತದೆ. ಮನಸ್ಸು ಬುಲ್ ಟೆಂಪಲ್ ರಸ್ತೆಯ ಏರು ಹತ್ತು ಅನ್ನುತ್ತದೆ, ಕಾಲು ಇಲ್ಲೇ ಕೂರು ಅನ್ನುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಎರಡೂ ನನ್ನ ಒಳಗೇ ಇವೆ.

ಯಾರಿಗೂ ಹೇಳಬಾರದು ಎಂದು ಅಮ್ಮನ ಅಪ್ಪಣೆ. "ಹೆಣ್ಣುಹುಡುಗೀಗೆ ಹಾರ್ಮೋನು ಅಂದ್ರೆ ಜನ ಏನೇನೋ ಅಂದ್ಕೋತಾರೆ ಕಣೆ, ಹೋದ ಜಾತಕ ವಾಪಸ್ ಬರುತ್ತೆ" ಅನ್ನುತ್ತಾಳೆ. ಅದಕ್ಕೇ ನಿನಗೂ ಹೇಳಲಿಲ್ಲ. ನಿನಗೆ ಹೇಳದೆ ಇದ್ದದ್ದು ಮಾತ್ರ ಗಂಟಲಲ್ಲಿ ಕಡುಬು ಸಿಕ್ಕಿದ ಹಾಗಿತ್ತು.

ಒಂದೂವರೆ ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಒಂದು ದಿನವೂ ತಪ್ಪಿಸಿಲ್ಲ, ಅಮ್ಮ ತಪ್ಪಿಸಲು ಬಿಟ್ಟರೆ ತಾನೆ? ಬೆಳಕು ಹರಿಯುವ ಮುಂಚೆ ಎದ್ದು, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಒಂದು ಕೈಯಲ್ಲಿ ಮಾತ್ರೆ ಇನ್ನೊಂದರಲ್ಲಿ ಕಾಫಿ ಲೋಟ ಹಿಡಿದು ಹಾಸಿಗೆಯ ಪಕ್ಕ ನಿಂತಿರುತ್ತಾಳೆ. ಮಾತ್ರೆ ಗಂಟಲಿಳಿಯುವವರೆಗೆ ಕದಲುವುದಿಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗೆಲ್ಲ ಡಾಕ್ಟರು ತಲೆ ಆಡಿಸಿ, ಮಾತ್ರೆಯ ಪ್ರಮಾಣ ಏರಿಸುತ್ತಾರೆ.

ಅಪ್ಪ ಮೊನ್ನೆ ಕೂರಿಸಿಕೊಂಡು ಹೇಳಿದರು: "ಮೈಗೆ ಆಗದ್ದನ್ನ ಮಾಡೋದು ಬೇಡ ಮಗಳೇ. ರಸ್ತೇಲಿ ಎಲ್ಲಾದ್ರೂ ಬಿದ್ದೀಯ." ಅವರ ಭಯವೂ ಸುಳ್ಳಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಈ ಡಿಸೆಂಬರಿನ ಓಟವನ್ನು ಎಲ್ಲೂ ಕೂರದೆ ಮುಗಿಸಿದರೆ ಅಪ್ಪ ಇನ್ನು ಮಾತೆತ್ತುವುದಿಲ್ಲ. ಕೂತರೆ ನಾನು ಓಟ ಬಿಡಬೇಕು, ಪೂರ್ತಿ. ಒಪ್ಪಿಬಿಟ್ಟಿದ್ದೇನೆ. ಓಟವಿಲ್ಲದೆ ನಾನು ಯಾರು ಅಂತ ಯೋಚಿಸಿದರೆ ಭಯವಾಗುತ್ತದೆ ಪ್ರೇಮಾ.

ಮಧು


ಗುಂತಕಲ್
2 ಏಪ್ರಿಲ್ 1998

ನನ್ನ ಚಿನ್ನದಂಥ ಪೆದ್ದಿ,

ಅಂಗಡಿ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದೆಯಲ್ಲ, ಅದನ್ನು ನೆನೆದು ಬುಕಿಂಗ್ ಕೌಂಟರಿನಲ್ಲೇ ಅತ್ತೆ. ಟಿಕೆಟಿಗೆ ನಿಂತಿದ್ದ ತಾತ, ತಾನು ಚಿಲ್ಲರೆ ಕೊಡದಿದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಚಿಲ್ಲರೆ ಹುಡುಕಿ ಕೊಟ್ಟರು.

ಈಗ ಕೇಳು. ಇಲ್ಲಿನ ರೈಲ್ವೆ ಟೀಮಿನ ಕೋಚು ನಮಗೆ ಹೇಳುವುದು ಇದು: ಪಕ್ಕದವಳ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ಓಡಬೇಕು. ಮಾತು ನಿಂತರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ನೀನು ಮೊದಲಿನಿಂದಲೂ ಹಾಲು ಉಕ್ಕಿದ ಹಾಗೆ ಹೊರಡುವವಳು. ಇನ್ನು ಮೇಲೆ ಗಾಂಧಿ ಬಜಾರಿನ ಹೂವಿನವರು ನಿನ್ನನ್ನು ನೋಡಿ "ಇವಳು ಓಡ್ತಾ ಇದಾಳಾ, ನಡೀತಾ ಇದಾಳಾ" ಅಂತ ಕೇಳಬೇಕು, ಅಷ್ಟು ನಿಧಾನ. ಮಾತಾಡಲು ಜೊತೆ ಇಲ್ಲದಿದ್ದರೆ ನನ್ನನ್ನು ಬೈದುಕೊಂಡು ಓಡು.

ಡಿಸೆಂಬರಿಗೆ ರಜಾ ಈಗಲೇ ಬರೆದುಕೊಟ್ಟಿದ್ದೇನೆ.

ಪ್ರೇಮಾ


ಚಾಮರಾಜಪೇಟೆ
19 ಜುಲೈ 1998

ಪ್ರೇಮಾ, ಪ್ರೇಮಾ, ಪ್ರೇಮಾ,

ಇವತ್ತು ಲಾಲ್‌ಬಾಗಿನ ಒಳಗೆಲ್ಲ ಸುತ್ತಿ, ಡಿವಿಜಿ ರಸ್ತೆಯಲ್ಲಿ ಹಾದು, ಮನೆಯ ಗೇಟಿನವರೆಗೆ ಎಲ್ಲೂ ನಿಲ್ಲದೆ ಓಡಿ ಬಂದೆ! ಗೋಣಿಚೀಲ ಇಲ್ಲ. ಮುಖದ ಊತ ಇಳಿದಿದೆ. ಸ್ವೆಟರನ್ನು ಟ್ರಂಕಿಗೆ ಹಾಕಿದ್ದೇನೆ.

ಎಲ್ಲಾ ನಿನ್ನ "ಮಾತಾಡುತ್ತಾ ಓಡು" ಮಂತ್ರದಿಂದ. ದಿನಾ ನಿನ್ನನ್ನು ಬೈಯುತ್ತಾ ಓಡುತ್ತೇನೆ. ಎಷ್ಟು ಬೈದರೂ ಮುಗಿಯದ ಸ್ನೇಹಿತೆಯನ್ನು ಕೊಟ್ಟ ದೇವರಿಗೆ ನಮಸ್ಕಾರ.

ಮನೆಯಲ್ಲಿ ಈಗ ನಾನು, ಅಪ್ಪ ಇಬ್ಬರೇ. ಅಕ್ಕ ಗೋದಾಳಿಗೆ ಎರಡನೇ ಹೆರಿಗೆ, ಬಾಣಂತನಕ್ಕೆಂದು ಅಮ್ಮ ಮೇ ತಿಂಗಳಲ್ಲೇ ದಾವಣಗೆರೆಗೆ ಹೋದಳು. ಮಾತ್ರೆಯ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು ಹತ್ತು ಸಲ ಹೇಳಿ ಹೋಗಿದ್ದಾಳೆ. ಅಪ್ಪನ ಸ್ನಾನ, ಜಪ ಮುಗಿದು ಡಿಕಾಕ್ಷನ್ ಇಳಿಯುವ ಹೊತ್ತಿಗೆ ನಾನು ಓಡಿ ವಾಪಸ್ ಬಂದಿರುತ್ತೇನೆ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ ನುಂಗಿ ಹೊರಡುವುದು, ಬಂದು ಅಪ್ಪನ ನೀರು ನೀರಾದ ಕಾಫಿ ಕುಡಿಯುವುದು. ಅಮ್ಮನ ಕಾಫಿ ಬಹಳ ನೆನಪಾಗುತ್ತದೆ.

ಅಮ್ಮ ಬಂದು ನನ್ನನ್ನು ನೋಡಲಿ. ಗುರುತೇ ಸಿಗುವುದಿಲ್ಲ!

ಮಧು


ಗುಂತಕಲ್
28 ಜುಲೈ 1998 (ಕಾರ್ಡು)

ಹೇಳಲಿಲ್ಲವಾ? ಇನ್ನು ಮೇಲೆ ನನ್ನನ್ನು ಪ್ರೇಮಲತಾ ಮೇಡಂ ಅಂತ ಕರೆ. ಗುರುದಕ್ಷಿಣೆಗೆ ಡಿಸೆಂಬರಿನಲ್ಲಿ ಅಮ್ಮನ ಕೈಯಲ್ಲಿ ಬಿಸಿಬೇಳೆಬಾತ್ ಮಾಡಿಸು. ನಿಧಾನ ಬಿಡಬೇಡ, ಗೆದ್ದವಳ ಹಾಗೆ ಹಾರಾಡಬೇಡ.

ಪ್ರೇ


ಚಾಮರಾಜಪೇಟೆ
13 ಸೆಪ್ಟೆಂಬರ್ 1998

ಪ್ರೇಮಾ,

ಬರೆಯಲು ಮನಸ್ಸೇ ಬರುತ್ತಿರಲಿಲ್ಲ. ಎಲ್ಲ ಹಾಳಾಗಿದೆ.

ಆಗಸ್ಟ್ ಮೊದಲ ವಾರ ಅಮ್ಮ ಬಂದಳು. ಅವಳನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ ಮಗುವಿನ ಹಾಗೆ ತಬ್ಬಿಕೊಂಡೆ. "ಅಯ್ಯೋ, ಸೊರಗಿಹೋಗಿದೀಯ" ಎಂದು ಮಾರನೇ ದಿನದಿಂದಲೇ ಆರೈಕೆ ಶುರು ಮಾಡಿದಳು. ಕೆಲವು ವಾರ ಚೆನ್ನಾಗಿಯೇ ಇದ್ದೆ. ಆಮೇಲೆ ಮತ್ತೆ ಅದೇ ಗೋಣಿಚೀಲ, ಅದೇ ಚಳಿ. ನಿನ್ನೆ ಇಲ್ಲೇ ಹತ್ತಿರದ ಬ್ಯೂಗಲ್ ರಾಕ್ ಬಂಡೆಯ ತನಕವೂ ಹೋಗಲಾಗದೆ, ರಾಮಕೃಷ್ಣ ಆಶ್ರಮದ ಹತ್ತಿರ ನಿಂತು, ತಿರುಗಿ ನಡೆದುಕೊಂಡು ಬಂದೆ. ನೀನು ಹೇಳಿದ ಹಾಗೆಯೇ ಓಡುತ್ತಿದ್ದೇನೆ, ನಿಧಾನವಾಗಿಯೇ. ಆದರೂ ಆಗುತ್ತಿಲ್ಲ. ಡಾಕ್ಟರು ಮಾತ್ರೆ ಮತ್ತೆ ಏರಿಸಿದರು.

ನಾನು ನಡೆದುಕೊಂಡು ಬಂದಾಗೆಲ್ಲ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಒಪ್ಪಂದ ಅವರಿಗೂ ನೆನಪಿದೆ.

ಮಧು


ಗುಂತಕಲ್
22 ಸೆಪ್ಟೆಂಬರ್ 1998

ಮಧುರಾ,

ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಅಮ್ಮ ಊರಲ್ಲಿ ಇಲ್ಲದಾಗ ಲಾಲ್‌ಬಾಗೆಲ್ಲ ಸುತ್ತುತ್ತೀಯ. ಅಮ್ಮ ಬಂದ ಕೂಡಲೇ ಬ್ಯೂಗಲ್ ರಾಕ್ ದೂರವಾಗುತ್ತದೆ. ಅದೇ ಮಾತ್ರೆ, ಅದೇ ರಸ್ತೆ, ಅದೇ ಕಾಲು. ನಡುವೆ ಬದಲಾದದ್ದು ನಿಮ್ಮಮ್ಮ ಮಾತ್ರ. ಇದು ಥೈರಾಯ್ಡ್ ಅಲ್ಲ ಕಣೆ, ನಿಮ್ಮಮ್ಮನ ಮುದ್ದು. ಹಾಸಿಗೆಗೇ ಕಾಫಿ ಬರುವ ಮನೆಯಲ್ಲಿ ಯಾರಿಗೆ ತಾನೆ ಓಡುವ ಮನಸ್ಸು ಬರುತ್ತದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನನಗೆ ಹುಷಾರಿಲ್ಲದಾಗಲೂ ನಮ್ಮಮ್ಮ ಮಂಡಿಗೆ ಹೊರಟವಳು ಹೊರಟೇಬಿಡುತ್ತಿದ್ದಳು. ಅದಕ್ಕೇ ನಾನು ಓಡುತ್ತಿದ್ದೇನೆ.

ಪ್ರೇಮಲತಾ


ಗುಂತಕಲ್
14 ಅಕ್ಟೋಬರ್ 1998

ಮಧು,

ಮೂರು ವಾರ ಕಾದೆ. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ.

ನಿನಗೆ ಹುಷಾರಿಲ್ಲ ಅಂತ ನೀನೇ ಬರೆದ ಮೇಲೆ ನಂಬುವುದು ಬಿಟ್ಟು ವಾದ ಮಾಡಿದೆ. ನಿಮ್ಮಮ್ಮನ ವಿಷಯವನ್ನೂ ತೆಗೆದೆ. ಅವರು ಕೈಗೆ ಕೊಟ್ಟ ಊಟ ಉಂಡವಳು ನಾನು. ನಿಮ್ಮ ಅಡುಗೆಮನೆಯ ಹೊಸ್ತಿಲ ಒಳಗೆ ಕೂರಿಸಿಕೊಂಡು ಬಡಿಸಿದವರು ಅವರು, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಒಂದು ಸಲವೂ ಯೋಚಿಸಲಿಲ್ಲ. ಆ ಕಾಗದ ಹರಿದುಹಾಕು.

ನೀನು ಓಡದಿದ್ದರೂ ಪರವಾಗಿಲ್ಲ. ಡಿಸೆಂಬರಿನಲ್ಲಿ ಬರುತ್ತೇನೆ, ಇಬ್ಬರೂ ನಿಮ್ಮ ಜಗುಲಿಯ ಮೇಲೆ ಕೂತು ಓಡುವವರನ್ನು ಆಡಿಕೊಳ್ಳೋಣ.

ಪ್ರೇಮಾ


ಚಾಮರಾಜಪೇಟೆ
25 ಅಕ್ಟೋಬರ್ 1998

ನನ್ನ ಪ್ರೇಮಾ,

ಆ ಕಾಗದವನ್ನು ಹರಿಯುವುದಿಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಅಂತಿದ್ದೇನೆ. ನೀನು ಅರ್ಧ ತಪ್ಪು ಬರೆದಿದ್ದೆ, ಅರ್ಧ ಡಾಕ್ಟರಿಗಿಂತ ಚೆನ್ನಾಗಿ ಬರೆದಿದ್ದೆ. ಸಮಾಧಾನವಾಗಿ ಓದು.

ಓದಿದಾಗ ಮೈ ಉರಿದಿದ್ದು ನಿಜ. ಆ ಸಿಟ್ಟನ್ನೆಲ್ಲ ಅಮ್ಮನ ಮೇಲೆ ತೀರಿಸಿದೆ. ಒಂದು ಬೆಳಿಗ್ಗೆ ಅವಳು ಎಂದಿನಂತೆ ಬಂದು ನಿಂತಾಗ, "ನೀನಿಲ್ದಾಗಲೇ ಚೆನ್ನಾಗಿದ್ದೆ ನಾನು" ಅಂದುಬಿಟ್ಟೆ. ಅಮ್ಮ ಲೋಟ ಇಟ್ಟು ಒಳಗೆ ಹೋದಳು. ಸಂಜೆ ನಾನು ಡಾಕ್ಟರ ಹತ್ತಿರ ಹೊರಟರೆ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದಾಳೆ. "ನಾನೂ ಬರ್ತೀನಿ. ನನ್ನಿಂದ ಏನು ಕಮ್ಮಿಯಾಗಿದೆ ಅಂತ ಅವರನ್ನೇ ಕೇಳ್ತೀನಿ." ಇಷ್ಟು ದಿನ ನಾನೊಬ್ಬಳೇ ಹೋಗುತ್ತಿದ್ದೆ, ಯಾರಾದರೂ ನೋಡಿಯಾರೆಂದು ಅವಳು ಬರುತ್ತಿರಲಿಲ್ಲ.

ಡಾಕ್ಟರು ರಿಪೋರ್ಟು ನೋಡಿ ಯಾವಾಗಲೂ ಕೇಳುವುದನ್ನೇ ಕೇಳಿದರು. "ಮಾತ್ರೆ ಬರೀ ಹೊಟ್ಟೇಲಿ ತಾನೆ ತಗೊಳ್ತಿರೋದು?"

"ಹೌದು ಡಾಕ್ಟ್ರೇ" ಅಂದೆ ನಾನು, ಯಾವಾಗಲೂ ಅನ್ನುವ ಹಾಗೆ.

"ಏನೂ ತಿನ್ನೋಕೆ ಕೊಡಲ್ಲ ಡಾಕ್ಟ್ರೇ" ಅಂದಳು ಅಮ್ಮ. "ಬರೀ ಒಂದು ಲೋಟ ಕಾಫಿ, ಅದರ ಜೊತೆ ಮಾತ್ರೆ. ನಾನೇ ಕೈಯಾರೆ ಕೊಡ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಾಫಿ ಜೊತೇನಾ?"

"ಕಾಫಿಗೆ ಏನು ದೋಷ? ಏಕಾದಶಿ ದಿನ ಕೂಡ ಕುಡೀತೀವಿ. ಪೂಜೆಗೆ ಮುಂಚೆ ಕುಡಿದ್ರೂ ನಡೆಯುತ್ತೆ. ಕಾಫಿ ಆಹಾರದ ಲೆಕ್ಕಕ್ಕೆ ಬರಲ್ವಲ್ಲ ಡಾಕ್ಟ್ರೇ."

"ಅಮ್ಮಾ, ದೇವರು ಅದನ್ನ ಲೆಕ್ಕಕ್ಕೆ ತಗೊಳ್ದೆ ಇರಬಹುದು, ಈ ಮಾತ್ರೆ ತಗೊಳುತ್ತೆ. ಗಟ್ಟಿ ಡಿಕಾಕ್ಷನ್ನು, ಹಾಲು ಎರಡೂ ಸೇರಿದ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತೋದೇ ಇಲ್ಲ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ."

ನಾನು ಬಿ.ಕಾಂ. ಓದಿದವಳು ಪ್ರೇಮಾ. ಬರೀ ಹೊಟ್ಟೆ ಅಂದರೆ ಕಾಫಿಯೊಂದನ್ನು ಬಿಟ್ಟು ಬೇರೇನೂ ಕೂಡದು ಅಂತಲೇ ನನಗೂ ಗೊತ್ತಿದ್ದದ್ದು. ನಮ್ಮ ಮನೆಯಲ್ಲಿ "ಇನ್ನೂ ಏನೂ ಬಾಯಿಗೆ ಹಾಕಿಲ್ಲ" ಅನ್ನುವವರೆಲ್ಲ ಎರಡು ಸಲ ಕಾಫಿ ಕುಡಿದಿರುತ್ತಾರೆ. ಅಮ್ಮ ದಾವಣಗೆರೆಯಲ್ಲಿದ್ದಾಗ ನೀರಿನಲ್ಲಿ ನುಂಗಿದ ಮಾತ್ರೆ ಕೆಲಸ ಮಾಡಿತು. ಅದನ್ನು ನಾವು ನಿನ್ನ ಮಂತ್ರದ ಲೆಕ್ಕಕ್ಕೆ ಬರೆದುಕೊಂಡೆವು, ಮೇಡಂ. ಈಗ ಮಾತ್ರೆಯ ಪ್ರಮಾಣವನ್ನು ಮೊದಲಿನಷ್ಟಕ್ಕೇ ಇಳಿಸಿದ್ದಾರೆ. ನೀರಿನಲ್ಲಿ ನುಂಗಬೇಕು, ಒಂದು ಗಂಟೆ ಬಿಟ್ಟು ಕಾಫಿ.

ಅಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಹಿಡಿದು ಅತ್ತಳು. "ನನ್ನ ಕೈಯಿಂದಾನೇ ಆಯ್ತಲ್ಲೇ ಮಧು." ಒಂದು ಕ್ಷಣ ನನಗೂ ಅಳು, ಸಿಟ್ಟು ಎರಡೂ ಬಂದವು. ಹೋದ ಎರಡು ವರ್ಷ ವಾಪಸ್ ಬರುವುದಿಲ್ಲವಲ್ಲ. ಆದರೆ ಅವಳು ಬಾಯಿ ಬಿಡದೆ ಇದ್ದಿದ್ದರೆ ನಾನು ಮುದುಕಿಯಾಗುವ ತನಕ "ಬರೀ ಹೊಟ್ಟೆ" ಅಂತಲೇ ಹೇಳುತ್ತಿದ್ದೆ. ಅದನ್ನೇ ಅವಳಿಗೆ ಹೇಳಿ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ಏಳೇ ಹುಚ್ಚಿ" ಅಂದಳು.

ಆರು ವಾರ ಇದೆ. ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಬಾ, ಆದರೆ ಜಗುಲಿಯ ಮೇಲೆ ಕೂರಲಿಕ್ಕಲ್ಲ.

ನಿನ್ನ ಮಧು


ಗುಂತಕಲ್
5 ನವೆಂಬರ್ 1998

ಮಧು,

ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಗುರುದಕ್ಷಿಣೆ ವಾಪಸ್ ಕೊಡುತ್ತೇನೆ, ಬಿಸಿಬೇಳೆಬಾತ್ ಮಾತ್ರ ಇರಲಿ.

ಒಂದು ವಿಷಯ. ರಜಾ ಅರ್ಧಕ್ಕೆ ಕತ್ತರಿಸಿದ್ದಾರೆ. ಓಡಿ ಮುಗಿಸಿದ ಕೂಡಲೇ ನಾನು ಸ್ಟೇಷನ್ನಿಗೆ ಹೊರಡಬೇಕು. ನೀನು ಬರುವ ತನಕ ಗೆರೆಯ ಹತ್ತಿರ ಕಾಯಲಾಗುವುದಿಲ್ಲ. ಜೊತೆಗೆ ಓಡೋಣ ಅಂದರೆ ಟ್ರೈನು ತಪ್ಪುತ್ತದೆ. ಬೇಜಾರಾಗಬೇಡ.

ಪ್ರೇಮಾ


ಚಾಮರಾಜಪೇಟೆ
6 ಡಿಸೆಂಬರ್ 1998 (ಕಾರ್ಡು)

ಪ್ರೇಮಾ, ಮುಗಿಸಿದೆ. ಎಲ್ಲೂ ಕೂರಲಿಲ್ಲ. ಉಳಿದದ್ದು ಆಮೇಲೆ.

ಮಧು


ಗುಂತಕಲ್
12 ಡಿಸೆಂಬರ್ 1998 (ಕಾರ್ಡು)

ಅಷ್ಟೇನಾ?! ಕಾರ್ಡು ಓದಿ ಪ್ಲಾಟ್‌ಫಾರಮ್ಮಿನ ಮೇಲೆ ಕುಣಿದೆ, ಸ್ಟೇಷನ್ ಮಾಸ್ಟರು ನೋಡಿದರು. ಆದರೆ ಇದೇನು, ತಂತಿ ಕೊಟ್ಟವಳ ಹಾಗೆ ಒಂದು ಸಾಲು? ಎಲ್ಲಾ ಬರಿ. ಅಮ್ಮ ಏನಂದರು?

ಪ್ರೇ


ಚಾಮರಾಜಪೇಟೆ
27 ಡಿಸೆಂಬರ್ 1998

ಪ್ರೀತಿಯ ಪ್ರೇಮಾ,

ತಡವಾಗಿದ್ದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಓಟ. ಶುರುವಿನಲ್ಲೇ ನೀನು ಮಾಯವಾದೆ, ನಾನು ನಿಧಾನವಾಗಿ ಹೊರಟೆ. ನನಗಿಂತ ಎಷ್ಟೋ ದೊಡ್ಡವರೆಲ್ಲ ದಾಟಿಕೊಂಡು ಹೋದರು, ಹೋಗಲಿ ಅಂತ ಬಿಟ್ಟೆ. ಪಶ್ಚಿಮದ ಗೇಟು ಬಂದಾಗ ಕಾಲು ಭಾರವಾಯಿತು. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅದು ಓಡಿ ಓಡಿ ಬಂದ ಭಾರ, ಎಲ್ಲರಿಗೂ ಬರುವಂಥದ್ದು. ಆ ಮಾಮೂಲಿ ಸುಸ್ತಿಗೆ ನನಗೆಷ್ಟು ಸಂತೋಷವಾಯಿತು ಅಂತ ಬೇರೆ ಯಾರಿಗೆ ಬರೆದರೂ ಅರ್ಥವಾಗುವುದಿಲ್ಲ. ಓಟ ಮುಗಿಯುವ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ತಿರುಗುವಾಗ ಹಗ್ಗ ಬಿಚ್ಚುವವರು ಸಿದ್ಧವಾಗುತ್ತಿದ್ದರು. ಹಗ್ಗದ ಪಕ್ಕ ಅಪ್ಪ ಕೊಡೆ ಹಿಡಿದು ನಿಂತಿದ್ದರು. "ಮಾತು ಅಂದ್ರೆ ಮಾತು. ಇನ್ನು ನಾನು ಎತ್ತಲ್ಲ" ಅಂದರು, ಮುಖ ಆ ಕಡೆ ತಿರುಗಿಸಿಕೊಂಡು.

ಅಮ್ಮನೂ ಬಂದಿದ್ದಳು. ನಾನು ಓಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಬಂದವಳೇ ನನ್ನ ಬೆವರನ್ನು ಸೆರಗಿನಿಂದ ಒರೆಸಿ, "ಸರಿ, ನಾಳೆ ನಾನು ರಕ್ತ ಕೊಡ್ತೀನಿ" ಅಂದಳು.

ಇದನ್ನು ನಿನಗೆ ಬರೆದಿರಲಿಲ್ಲ. ಅಕ್ಟೋಬರಿನಲ್ಲಿ ಡಾಕ್ಟರು ಅಮ್ಮನ ಮುಖವನ್ನೇ ನೋಡುತ್ತಾ, "ನಿಮ್ಮದೂ ಒಂದ್ಸಲ ನೋಡಿಸಿಬಿಡೋಣ, ಇದು ಮನೆಮಂದೀಲಿ ಬರೋ ಕಾಯಿಲೆ" ಅಂದಿದ್ದರು. ಅಮ್ಮ ಒಪ್ಪಲೇ ಇಲ್ಲ. "ನನಗೇನಾಗಿದೆ, ವಯಸ್ಸು" ಅಂದಳು. ಗೋಗರೆದು ಒಂದು ಮಾತು ತೆಗೆದುಕೊಂಡಿದ್ದೆ: ನಾನು ಓಟ ಮುಗಿಸಿದರೆ ಅವಳು ಪರೀಕ್ಷೆ ಮಾಡಿಸಬೇಕು. ನಿನಗೆ ಹೇಳಿದರೆ ಅದೂ ಒಂದು ಹೊರೆಯಾಗುತ್ತದೆ ಅಂತ ಸುಮ್ಮನಿದ್ದೆ.

ಮೊನ್ನೆ ರಿಪೋರ್ಟು ಬಂತು. ನನ್ನದು ತೀರಾ ಕೆಟ್ಟಿದ್ದಾಗ ಎಷ್ಟಿತ್ತೋ ಅದರ ಎಷ್ಟೋ ಪಟ್ಟು ಕೆಟ್ಟಿದೆ ಅಮ್ಮನದು. ಡಾಕ್ಟರು ಎರಡು ಸಲ ಓದಿದರು. "ಎಷ್ಟು ವರ್ಷದಿಂದ ಇದೆಯೋ ಇದು. ದಿನಾ ಬೆಳಿಗ್ಗೆ ಹೇಗೆ ಏಳ್ತಿದ್ರಿ ನೀವು?" ಅಂತ ಕೇಳಿದರು.

ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಏಳ್ದಿದ್ರೆ ಆಗುತ್ತಾ ಡಾಕ್ಟ್ರೇ? ಮಗೂಗೆ ಮಾತ್ರೆ ಕೊಡ್ಬೇಕಲ್ಲ" ಅಂದಳು.

ಪ್ರೇಮಾ, ಗೋದಾ ಮತ್ತು ನಾನು ಅಮ್ಮನನ್ನು ಗೂಡ್ಸ್ ಗಾಡಿ ಅಂತ ಆಡಿಕೊಳ್ಳುತ್ತಿದ್ದೆವು. ಎಲ್ಲಿಗೆ ಹೊರಟರೂ ಹಿಂದೆ ಬೀಳುತ್ತಿದ್ದಳು, ಮೆಟ್ಟಿಲು ಹತ್ತಿದರೆ ನಿಲ್ಲುತ್ತಿದ್ದಳು. ಅವಳೂ ನಗುತ್ತಿದ್ದಳು. ಆ ಮೈ ಹೇಗಿರುತ್ತದೆ ಅಂತ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಕಣ್ಣು ಬಿಡುವುದೂ ಕೆಲಸ, ಹೊದಿಕೆ ಸರಿಸುವುದೂ ಕೆಲಸ. ಅದೇ ಮೈಯಲ್ಲಿ ನಾನು ಆರನೇ ಕಿಲೋಮೀಟರಿಗೆ ಕೂತುಬಿಟ್ಟೆ. ಅಮ್ಮ ಕೂತದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ನಿನ್ನೆಯಿಂದ ಅವಳಿಗೂ ಮಾತ್ರೆ ಶುರುವಾಗಿದೆ. ಇನ್ನು ಎರಡು ತಿಂಗಳಲ್ಲಿ ಹಗುರವಾಗುತ್ತಾಳಂತೆ. ಹಗುರ ಅಂದರೇನು ಅಂತ ಅವಳಿಗೆ ಮರೆತೇಹೋಗಿರಬೇಕು. ಆ ಬೆಳಿಗ್ಗೆ ಅವಳ ಮುಖ ನೋಡಲು ಕಾಯುತ್ತಿದ್ದೇನೆ.

ಮಧು